ಮಳಿಗೆ ಮಾರಿ ಹೋದವರು, ಅಂಗಡಿ ಮುಚ್ಚಿ ಕುಳಿತವರು



ಥಾಯ್ಲೆಂಡಿನ ಊರೂರಿನಲ್ಲಿ ಒಂದು ಬಗೆಯ ಸಣ್ಣ ದಿನಸಿ ಅಂಗಡಿಯಿದೆ. ಅಲ್ಲಿನ ಜನ ಅದನ್ನು ‘ಚೋಹುವೈ’ ಎಂದು ಕರೆಯುತ್ತಾರೆ. ಕೆಳಗೆ ಅಂಗಡಿ, ಮೇಲೆ ಮನೆ. ಅಕ್ಕಿ, ಎಣ್ಣೆ, ಮೀನಿನ ಸಾರದ ಬಾಟಲಿ, ಸಾಬೂನು, ಸೊಳ್ಳೆಬತ್ತಿ, ಮಕ್ಕಳ ಮಿಠಾಯಿ ಎಲ್ಲವೂ ಒಂದರ ಮೇಲೊಂದು ಒಟ್ಟಿರುತ್ತವೆ. ನಡೆಸುವವರು ಒಂದೇ ಕುಟುಂಬದವರು. ಹಲವು ಕಡೆ ಎರಡು ಮೂರು ತಲೆಮಾರುಗಳ ಹಿಂದೆ ಚೀನಾದಿಂದ ಬಂದು ನೆಲೆಸಿದವರ ಮಕ್ಕಳು, ಮೊಮ್ಮಕ್ಕಳು. ಗುರುತಿನವರಿಗೆ ಉದ್ರಿ ಉಂಟು. ಮಲೆನಾಡಿನ ಯಾವುದಾದರೂ ಬಸ್ ನಿಲ್ದಾಣದ ಎದುರಿನ ಕಿರಾಣಿ ಅಂಗಡಿಯನ್ನು ಬಲ್ಲವರಿಗೆ ಈ ಚಿತ್ರವನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ವಿದೇಶಿ ಸೂಪರ್ ಮಾರ್ಕೆಟ್ಟುಗಳು ಬಂದರೆ ಸಣ್ಣ ವ್ಯಾಪಾರಿಗಳ ಗತಿಯೇನು ಎಂಬುದು ಭಾರತದಲ್ಲಿ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಚರ್ಚೆಯಲ್ಲಿರುವ ಪ್ರಶ್ನೆ. ಥಾಯ್ಲೆಂಡಿನಲ್ಲಿ ಅದು ಆಗಿಹೋದ ಸಂಗತಿ. ಯುರೋಪಿನ ಮಳಿಗೆ ಕಂಪನಿಗಳು ಅಲ್ಲಿಗೆ ಬಂದವು, ಎರಡು ದಶಕಗಳ ಕಾಲ ಬೆಳೆದವು, ಕೊನೆಗೆ ಒಂದೊಂದಾಗಿ ಎಲ್ಲವನ್ನೂ ಮಾರಿ ಹೊರಟೂ ಹೋದವು. ಬಂದದ್ದನ್ನು ಕುರಿತು ಬರೆದವರು ಅನೇಕರು. ಹೋದ ಮೇಲೆ ಏನಾಯಿತು ಎಂಬುದನ್ನು ವಿಚಾರಿಸಿದವರು ಕಡಿಮೆ. ಆದರೆ ಇಡೀ ಕಥೆಯಲ್ಲಿ ಹೆಚ್ಚು ಗಮನಿಸಬೇಕಾದ ಭಾಗ ಅದೇ.

ಮೊದಲಿಗೆ ಬಂದ ಬಗೆ. 1989ರಲ್ಲಿ ನೆದರ್ಲೆಂಡ್ಸಿನ ಎಸ್‌ಎಚ್‌ವಿ ಎಂಬ ಕಂಪನಿಯೂ ಥಾಯ್ಲೆಂಡಿನ ಸಿಪಿ ಉದ್ಯಮ ಸಮೂಹವೂ ಸೇರಿ ಬ್ಯಾಂಕಾಕಿನಲ್ಲಿ ‘ಮ್ಯಾಕ್ರೋ’ ಎಂಬ ಸಗಟು ಮಳಿಗೆಯನ್ನು ತೆರೆದವು. ಸಿಪಿ ಎಂಬುದು ಕೋಳಿ, ಕೋಳಿ ಆಹಾರ ಮತ್ತು ಬೀಜಗಳ ವ್ಯಾಪಾರದಿಂದ ಬೆಳೆದ ದೊಡ್ಡ ಮನೆತನದ ಸಂಸ್ಥೆ; ಈ ಹೆಸರನ್ನು ನೆನಪಿನಲ್ಲಿಡಬೇಕು, ಕಥೆಯ ಕೊನೆಯಲ್ಲಿ ಅದು ಮತ್ತೆ ಬರುತ್ತದೆ. 1994ರಲ್ಲಿ ಇದೇ ಸಿಪಿ ‘ಲೋಟಸ್’ ಎಂಬ ಬೃಹತ್ ಮಳಿಗೆಗಳನ್ನು ಆರಂಭಿಸಿತು. ಅದೇ ಕಾಲದಲ್ಲಿ ಸೆಂಟ್ರಲ್ ಎಂಬ ಇನ್ನೊಂದು ಥಾಯ್ ಮನೆತನ ‘ಬಿಗ್ ಸಿ’ ಮಳಿಗೆಗಳನ್ನು ಕಟ್ಟಿತು. 1996ರಲ್ಲಿ ಫ್ರಾನ್ಸಿನ ಕಾರ್‌ಫೂರ್ ಬಂದಿತು. ಅಲ್ಲಿಯವರೆಗೆ ಈ ಮಳಿಗೆಗಳು ದೊಡ್ಡ ನಗರದ ಹೊಸ ಬೆರಗು ಮಾತ್ರವಾಗಿದ್ದವು.

1997ರ ಜುಲೈ 2ರಂದು ಥಾಯ್ ಸರ್ಕಾರ ತನ್ನ ನಾಣ್ಯವಾದ ಬಾತ್‌ನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟಿತು. ಒಂದು ಡಾಲರಿಗೆ ಸುಮಾರು 25 ಬಾತ್ ಇದ್ದದ್ದು ಮುಂದಿನ ಜನವರಿಯ ಹೊತ್ತಿಗೆ 50ನ್ನು ದಾಟಿತು. ಡಾಲರಿನಲ್ಲಿ ಸಾಲ ಮಾಡಿದ್ದ ಥಾಯ್ ಉದ್ಯಮಿಗಳ ಸಾಲ ಮಲಗಿ ಏಳುವುದರೊಳಗೆ ದುಪ್ಪಟ್ಟಾಯಿತು. ಸಾಲ ತೀರಿಸಲು ಅವರು ಆಸ್ತಿಗಳನ್ನು ಮಾರಬೇಕಾಯಿತು. ಕೊಳ್ಳಲು ಕೈಯಲ್ಲಿ ಹಣವಿದ್ದವರು ವಿದೇಶಿಯರು ಮಾತ್ರ. 1998ರಲ್ಲಿ ಬ್ರಿಟನ್ನಿನ ಟೆಸ್ಕೋ ಲೋಟಸ್‌ನ ಬಹುಪಾಲು ಷೇರುಗಳನ್ನು ಕೊಂಡಿತು. ಮ್ಯಾಕ್ರೋದಲ್ಲಿದ್ದ ಸಿಪಿಯ ಪಾಲೂ ಡಚ್ಚರ ಕೈಸೇರಿತು. 1999ರಲ್ಲಿ ಫ್ರಾನ್ಸಿನ ಕ್ಯಾಸಿನೋ ಎಂಬ ಕಂಪನಿ ಬಿಗ್ ಸಿಯ ಯಜಮಾನನಾಯಿತು. ಎರಡೇ ವರ್ಷಗಳಲ್ಲಿ ಒಂದು ದೇಶದ ದೊಡ್ಡ ಮಳಿಗೆಗಳಲ್ಲಿ ಹೆಚ್ಚಿನವು ಹೊರಗಿನವರ ವಶಕ್ಕೆ ಹೋದವು.

ಹಾಗಿದ್ದರೆ ಕಾನೂನು ಏನು ಮಾಡುತ್ತಿತ್ತು? 1999ರಲ್ಲಿ ಥಾಯ್ಲೆಂಡ್ ವಿದೇಶಿ ವ್ಯವಹಾರಗಳ ಕಾಯ್ದೆಯೊಂದನ್ನು ಮಾಡಿತು. ಚಿಲ್ಲರೆ ವ್ಯಾಪಾರ ಥಾಯ್ ಪ್ರಜೆಗಳಿಗೆ ಮೀಸಲಾದ ಕ್ಷೇತ್ರ ಎಂಬ ಮಾತು ಅದರಲ್ಲಿದೆ. ಅದರ ಜೊತೆಗೇ ಒಂದು ಷರತ್ತೂ ಇದೆ: ಒಟ್ಟು 10 ಕೋಟಿ ಬಾತ್, ಪ್ರತಿ ಅಂಗಡಿಗೆ 2 ಕೋಟಿ ಬಾತ್ ಬಂಡವಾಳ ತರುವ ವಿದೇಶಿಯರಿಗೆ ಈ ನಿರ್ಬಂಧ ಅನ್ವಯಿಸದು. ಅಂದರೆ ಬೀದಿ ಬದಿಯಲ್ಲಿ ಸಣ್ಣ ಅಂಗಡಿ ಇಡಲು ಬಂದ ನೆರೆದೇಶದ ಬಡವನಿಗೆ ಬಾಗಿಲು ಮುಚ್ಚಿದೆ. ಇಡೀ ಬೀದಿಯನ್ನೇ ನುಂಗಬಲ್ಲ ಕಂಪನಿಗೆ ತೆರೆದಿದೆ. ಸಣ್ಣವರ ರಕ್ಷಣೆಗೆಂದು ಬರೆದ ಕಾಯ್ದೆ ಅಡ್ಡಗಟ್ಟಿದ್ದು ಸಣ್ಣವರನ್ನೇ.

ಹಾನಿ ನಡೆದ ರೀತಿಯನ್ನು ಇನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ದೊಡ್ಡ ಮಳಿಗೆ ಬಂದೊಡನೆ ಪಕ್ಕದ ಸಣ್ಣ ಅಂಗಡಿಯ ಗಿರಾಕಿಗಳೆಲ್ಲ ಅತ್ತ ಓಡುತ್ತಾರೆ, ಅಂಗಡಿ ಮುಚ್ಚುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಅರ್ಧ ಸತ್ಯ. ಥಾಯ್ಲೆಂಡಿನಲ್ಲಿ ಮೊದಲು ಪೆಟ್ಟು ತಿಂದವರು ಅಂಗಡಿಯವರಲ್ಲ, ಅವರ ಹಿಂದೆ ನಿಂತಿದ್ದ ಸಗಟು ವ್ಯಾಪಾರಿಗಳು.

ಅಲ್ಲಿ ಕಾರ್ಖಾನೆಯಿಂದ ಹೊರಟ ಸರಕು ಹಳ್ಳಿಯ ಅಂಗಡಿಗೆ ಬರಲು ಎರಡು ಮೆಟ್ಟಿಲುಗಳಿದ್ದವು. ಪ್ರಾಂತದ ಪಟ್ಟಣದಲ್ಲಿ ದೊಡ್ಡ ಗೋದಾಮು ಇಟ್ಟುಕೊಂಡವನನ್ನು ‘ಯೀ ಪುವಾ’ ಎನ್ನುತ್ತಿದ್ದರು, ಎರಡನೆಯ ಕೈ ಎಂಬ ಅರ್ಥದಲ್ಲಿ. ಅವನಿಂದ ಕೊಂಡು ಸಣ್ಣ ಊರುಗಳಿಗೆ ಹಂಚುವವನು ‘ಸಾ ಪುವಾ’, ಮೂರನೆಯ ಕೈ. ಈ ಇಬ್ಬರೂ ಬರಿಯ ದಲ್ಲಾಳಿಗಳಲ್ಲ. ಸರಕನ್ನು ಉದ್ರಿಯ ಮೇಲೆ ಕೊಡುತ್ತಿದ್ದರು. ಒಂದು ಪೆಟ್ಟಿಗೆ ಕೊಳ್ಳಲಾರದವನಿಗೆ ಅರ್ಧ ಪೆಟ್ಟಿಗೆ ಒಡೆದು ಕೊಡುತ್ತಿದ್ದರು. ರಸ್ತೆ ಕೆಟ್ಟ ಊರಿಗೂ ವಾರಕ್ಕೊಮ್ಮೆ ಗಾಡಿ ಕಳಿಸುತ್ತಿದ್ದರು. ಸಾವಿರಾರು ಚೋಹುವೈಗಳ ಉಸಿರು ನಿಂತಿದ್ದದ್ದು ಇವರ ಮೇಲೆ.

ಹೊಸ ಮಳಿಗೆಗಳು ಈ ಎರಡು ಮೆಟ್ಟಿಲುಗಳನ್ನೂ ಬಿಟ್ಟು ನೇರವಾಗಿ ಕಾರ್ಖಾನೆಯ ಬಾಗಿಲಿಗೇ ಹೋದವು. ಹತ್ತಾರು ಮಳಿಗೆಗಳಿಗೆ ಒಟ್ಟಿಗೇ ಕೊಳ್ಳುವವನಿಗೆ ಕಾರ್ಖಾನೆ ಕೊಡುವ ಬೆಲೆ ಬೇರೆ. ಅದರ ಮೇಲೆ ವರ್ಷದ ಕೊನೆಯ ರಿಯಾಯಿತಿ, ಕಪಾಟಿನಲ್ಲಿ ಜಾಗ ಕೊಟ್ಟದ್ದಕ್ಕೆ ಶುಲ್ಕ, ಜಾಹೀರಾತು ಹಾಳೆಯಲ್ಲಿ ಹೆಸರು ಅಚ್ಚು ಹಾಕಿದ್ದಕ್ಕೆ ಶುಲ್ಕ ಎಂದು ಮಾರುವವನಿಂದಲೇ ಹಣ ವಸೂಲಿ. ಹೀಗೆ ಒಂದು ದಿನ ಯೀ ಪುವಾ ಕಂಡದ್ದೇನೆಂದರೆ, ತಾನು ಕಾರ್ಖಾನೆಯಿಂದ ಕೊಳ್ಳುವ ದರಕ್ಕಿಂತ ಕಡಿಮೆ ದರದಲ್ಲಿ ಅದೇ ಸಾಬೂನು, ಅದೇ ಹಾಲಿನ ಪುಡಿ ಮಳಿಗೆಯ ಕಪಾಟಿನಲ್ಲಿ ಗಿರಾಕಿಗೆ ಸಿಗುತ್ತಿದೆ. ಚೋಹುವೈಯವನೂ ಅದನ್ನು ಕಂಡ. ಅವನು ಮಾಡಿದ್ದು ಅತ್ಯಂತ ಸಹಜವಾದ ಕೆಲಸ. ತನ್ನ ಹಳೆಯ ಸಗಟು ವ್ಯಾಪಾರಿಯನ್ನು ಬಿಟ್ಟು ಮಳಿಗೆಗೇ ಹೋಗಿ, ರಿಯಾಯಿತಿಯ ದಿನ ನೋಡಿ, ಸರಕು ತುಂಬಿಕೊಂಡು ಬಂದು ತನ್ನ ಅಂಗಡಿಯಲ್ಲಿ ಮಾರತೊಡಗಿದ. ಮ್ಯಾಕ್ರೋದ ವ್ಯಾಪಾರವೇ ಇಂಥವರಿಗಾಗಿ ಇದ್ದದ್ದು. ಮಳಿಗೆ ಅವನ ಪ್ರತಿಸ್ಪರ್ಧಿ; ಸರಕು ಕೊಡುವವನೂ ಅದೇ. ಇಂಥ ಸ್ಥಿತಿಯಲ್ಲಿ ಸಿಕ್ಕವನು ಬೆಲೆಯ ಬಗ್ಗೆ ಯಾರೊಡನೆ ಚೌಕಾಸಿ ಮಾಡುತ್ತಾನೆ? ಯೀ ಪುವಾ ಗೋದಾಮು ಮುಚ್ಚಿದ ದಿನ ಅವನ ಉದ್ರಿಯೂ ಮುಗಿಯಿತು, ವಾರದ ಗಾಡಿಯೂ ನಿಂತಿತು.

ಇದರೊಳಗೆ ಹಣದ ಒಂದು ಲೆಕ್ಕವೂ ಅಡಗಿದೆ. ವಿದ್ಯಾರ್ಥಿಗಳು ಅದನ್ನು ಕಾಗದದ ಮೇಲೆ ಮಾಡಿ ನೋಡಬಹುದು. ಒಂದು ಮಳಿಗೆ ಸಾಬೂನಿನ ಕಂಪನಿಯಿಂದ ಇಂದು ಸರಕು ತಂದು 60 ದಿನಗಳ ನಂತರ ಹಣ ಕೊಡುವ ಕರಾರು ಮಾಡಿಕೊಂಡಿದೆ ಎಂದಿಟ್ಟುಕೊಳ್ಳಿ. ಸಾಬೂನು 15 ದಿನಗಳಲ್ಲಿ ಖಾಲಿಯಾಗುತ್ತದೆ; ಗಿರಾಕಿ ರೊಕ್ಕ ಕೊಟ್ಟೇ ಕೊಂಡಿರುತ್ತಾನೆ. ಉಳಿದ 45 ದಿನ ಆ ಹಣ ಮಳಿಗೆಯ ಕೈಯಲ್ಲಿ ಬಡ್ಡಿಯಿಲ್ಲದ ಬಂಡವಾಳವಾಗಿ ಓಡಾಡುತ್ತದೆ. ಹೊಸ ಮಳಿಗೆಯನ್ನು ಕಟ್ಟಲು ಅದೇ ಸಾಕು. ಈಗ ಚೋಹುವೈಯ ಲೆಕ್ಕ ತೆಗೆಯಿರಿ. ಅವನು ಸರಕಿಗೆ ಅಂದೇ ಅಥವಾ ವಾರದೊಳಗೆ ಹಣ ಕೊಡಬೇಕು. ಅವನ ಗಿರಾಕಿ ತಿಂಗಳ ಸಂಬಳಕ್ಕೋ ಭತ್ತದ ಕೊಯ್ಲಿಗೋ ಕಾಯುತ್ತಾನೆ. ಒಬ್ಬ ಸಾಲ ತೆಗೆದುಕೊಂಡು ವ್ಯಾಪಾರ ಮಾಡುತ್ತಾನೆ, ಇನ್ನೊಬ್ಬ ಸಾಲ ಕೊಟ್ಟು ವ್ಯಾಪಾರ ಮಾಡುತ್ತಾನೆ. ದೊಡ್ಡವರ ದಕ್ಷತೆ ಎಂದು ಹೊಗಳುವ ವಿಷಯದಲ್ಲಿ ಎಷ್ಟು ಪಾಲು ನಿಜವಾದ ದಕ್ಷತೆ, ಎಷ್ಟು ಪಾಲು ಬೇರೆಯವರ ದುಡ್ಡು ಎಂಬುದನ್ನು ಬೇರ್ಪಡಿಸಿ ನೋಡದ ಹೊರತು ಈ ಚರ್ಚೆಗೆ ಅರ್ಥವಿಲ್ಲ.

ಮಳಿಗೆಗಳಿಂದ ಜನರಿಗೆ ಲಾಭವೇ ಆಗಲಿಲ್ಲವೆಂದು ಹೇಳುವುದು ಸುಳ್ಳಾಗುತ್ತದೆ. ಬೆಲೆ ಇಳಿಯಿತು. ತೂಕ ಸರಿಯಿತ್ತು. ಬೆಲೆಯ ಚೀಟಿ ಅಂಟಿಸಿದ್ದರಿಂದ ಮುಖ ನೋಡಿ ದರ ಹೇಳುವ ಅಭ್ಯಾಸ ತಪ್ಪಿತು. ಹಳ್ಳಿಯಿಂದ ಬಂದ ಬಡ ಹೆಂಗಸಿಗೆ ಅದು ಸಣ್ಣ ಸಮಾಧಾನವಲ್ಲ. ಬಿರುಬೇಸಿಗೆಯಲ್ಲಿ ತಂಪಾದ ಮಳಿಗೆಯೊಳಗೆ ಮಕ್ಕಳೊಡನೆ ಅಡ್ಡಾಡಲು ಹೋದವರೂ ಬಹಳ. ಕಿರಾಣಿ ಅಂಗಡಿಯವರೆಲ್ಲ ಧರ್ಮರಾಯರಾಗಿದ್ದರೆಂದು ಯಾವ ದೇಶದಲ್ಲೂ ಯಾರೂ ನಂಬುವುದಿಲ್ಲ.

ಎಲ್ಲವೂ ಒಂದೇ ಹೊಡೆತಕ್ಕೆ ಬೀಳಲೂ ಇಲ್ಲ. ಪೊಟ್ಟಣದ ಸರಕಿನ ವ್ಯಾಪಾರ ಬೇಗ ಕೈಬಿಟ್ಟಿತು; ಹಸಿ ತರಕಾರಿ, ಮೀನು, ಮಾಂಸದ ವ್ಯಾಪಾರ ಬಹುಕಾಲ ತಾಳಿಕೊಂಡಿತು. ‘ತಲಾತ್ ಸೊಟ್’ ಎನ್ನುವ ತಾಜಾ ಮಾರುಕಟ್ಟೆಗಳು ಈಗಲೂ ಬೆಳಗಿನ ಜಾವಕ್ಕೇ ತುಂಬುತ್ತವೆ. ‘ತಲಾತ್ ನಾತ್’ ಎಂಬುದೊಂದಿದೆ. ಗೊತ್ತುಪಡಿಸಿದ ದಿನ ಸೇರುವ ಮಾರುಕಟ್ಟೆ ಎಂದು ಅದರ ಅರ್ಥ, ಒಂದೇ ಮಾತಿನಲ್ಲಿ ಸಂತೆ. ಬೆಳಿಗ್ಗೆ ಕಿತ್ತ ಸೊಪ್ಪನ್ನು ಬೆಳೆದವಳೇ ತಂದು ಮಾರುವಲ್ಲಿ ಮಧ್ಯದ ಖರ್ಚೇ ಇಲ್ಲದ್ದರಿಂದ ಯಾವ ದೊಡ್ಡ ಖರೀದಿದಾರನೂ ಅವಳನ್ನು ಬೆಲೆಯಲ್ಲಿ ಸುಲಭವಾಗಿ ಸೋಲಿಸಲಾರ.

ಗುಡ್ಡಗಾಡಿನವರಿಗೆ ಸಂಬಂಧಿಸಿದ ವಿಷಯ ಬರುವುದು ಇಲ್ಲಿಯೇ. ಥಾಯ್ಲೆಂಡಿನ ಉತ್ತರದ ಚಿಯಾಂಗ್ ಮಾಯ್ ಸುತ್ತಲಿನ ಬೆಟ್ಟಗಳಲ್ಲಿ ಮೋಂಗ್, ಕರೆನ್ ಮೊದಲಾದ ಬುಡಕಟ್ಟುಗಳ ಜನ ವಾಸಿಸುತ್ತಾರೆ. ಒಂದು ಕಾಲಕ್ಕೆ ಅಲ್ಲಿ ಅಫೀಮು ಬೆಳೆಯುತ್ತಿತ್ತು. 1969ರಲ್ಲಿ ಅರಸ ಭೂಮಿಬೋಲ್ ಆರಂಭಿಸಿದ ರಾಜ ಯೋಜನೆಯ ಮೂಲಕ ಅಫೀಮಿನ ಬದಲು ಕೋಸು, ಲೆಟ್ಯೂಸ್, ಸ್ಟ್ರಾಬೆರಿಯಂಥ ತಂಪುನಾಡಿನ ಬೆಳೆಗಳು ಬಂದವು. ನಗರದಲ್ಲಿ ಸೂಪರ್ ಮಾರ್ಕೆಟ್ಟುಗಳು ಹೆಚ್ಚಿದಂತೆ ಈ ತರಕಾರಿಗೆ ಒಳ್ಳೆಯ ಬೆಲೆ ಸಿಗತೊಡಗಿದ್ದು ನಿಜ. ಆದರೆ ಮಳಿಗೆಗಳು ಬೇಡುವುದು ಒಂದೇ ಗಾತ್ರದ, ಒಂದೇ ಬಣ್ಣದ, ಕಲೆಯಿಲ್ಲದ, ವಾರವಾರವೂ ತಪ್ಪದೆ ಒಂದೇ ತೂಕದಲ್ಲಿ ಬರುವ ಮಾಲು. ಗುಡ್ಡದ ಹೊಲ ಹಾಗೆ ಬೆಳೆಯುವುದಿಲ್ಲ. ಒಂದು ಮಗ್ಗುಲಿಗೆ ಬಿಸಿಲು, ಇನ್ನೊಂದಕ್ಕೆ ಮಂಜು; ಒಂದು ಮಳೆ ಹೆಚ್ಚಾದರೆ ಎಲೆ ಕೊಳೆತೀತು. ಆರಿಸಿ ಉಳಿದದ್ದು ಎಲ್ಲಿಗೆ ಹೋಗಬೇಕು? ಚಿಯಾಂಗ್ ಮಾಯ್ ಪಟ್ಟಣದ ಮುವಾಂಗ್ ಮಾಯ್ ಎಂಬ ಸಗಟು ತರಕಾರಿ ಪೇಟೆಯಲ್ಲಿ ಚಿಕ್ಕ ಲಾರಿಗಳಿಂದ ರಾಶಿ ಇಳಿಸಿ, ಕೈಯಿಂದ ಹಿಸುಕಿ ನೋಡಿ, ಇದ್ದದ್ದಕ್ಕೆ ಒಂದು ಬೆಲೆ ಕಟ್ಟಿ ಕೊಳ್ಳುವ ವ್ಯಾಪಾರಿಗಳಿದ್ದಾರೆ. ಅವರಿಂದ ಕೊಂಡು ಹೋಗುವವರು ಸಣ್ಣ ಅಂಗಡಿ, ತಳ್ಳುಗಾಡಿ, ಅನ್ನದಂಗಡಿಯವರು.

ಮಳಿಗೆಯ ದರ್ಜೆಗೆ ಸೇರದ ಬೆಳೆಯನ್ನು ಕೊಳ್ಳುವವನು ಸಣ್ಣ ವ್ಯಾಪಾರಿ. ಮಲೆನಾಡಿನಲ್ಲಿ ಮಣ್ಣು ಮೆತ್ತಿದ ಶುಂಠಿಯನ್ನು, ಮಳೆಗೆ ಸಿಕ್ಕಿ ಬಣ್ಣಗೆಟ್ಟ ಕಾಳುಮೆಣಸನ್ನು, ನಾಲ್ಕೇ ಗೊನೆ ಬಾಳೆಯನ್ನು ಕೊಳ್ಳುವವನು ಯಾರೆಂದು ಯೋಚಿಸಿದರೆ ಸಾಕು, ಈ ಮಾತು ತಿಳಿಯುತ್ತದೆ. ಅವನು ಕಡಿಮೆ ಬೆಲೆ ಕಟ್ಟುತ್ತಾನೆಂಬ ದೂರು ನ್ಯಾಯವಾದದ್ದೇ. ಆದರೆ ಅವನೂ ಇಲ್ಲವಾದ ದಿನ ಆ ಮಾಲಿಗೆ ಬೆಲೆಯೇ ಇರುವುದಿಲ್ಲ.

ಥಾಯ್ ಸರ್ಕಾರ ಕೈಕಟ್ಟಿ ಕುಳಿತಿರಲಿಲ್ಲ. 2002ರಲ್ಲಿ ಸಣ್ಣ ಅಂಗಡಿಗಳಿಗಾಗಿ ಒಟ್ಟಾಗಿ ಸರಕು ಕೊಳ್ಳುವ ಒಂದು ಸರ್ಕಾರಿ ಕಂಪನಿಯನ್ನು ಹುಟ್ಟುಹಾಕಲಾಯಿತು. ಆಲೋಚನೆ ಸರಿಯಾಗಿತ್ತು, ಅದು ಕೈಯಿಟ್ಟದ್ದು ಕೊಳ್ಳುವ ಬೆಲೆಗೇ. ಆದರೆ ಅದನ್ನು ಮೇಲಿನಿಂದ ಕಟ್ಟಿದರೇ ಹೊರತು ಅಂಗಡಿಯವರು ತಮ್ಮದೆಂದು ಕಟ್ಟಿಕೊಳ್ಳಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ಸೊರಗಿಹೋಯಿತು. 2003ರ ಸುಮಾರಿಗೆ ಬಂದ ನಗರ ಯೋಜನೆಯ ನಿಯಮಗಳು 1000 ಚದರ ಮೀಟರಿಗಿಂತ ದೊಡ್ಡ ಮಳಿಗೆಗಳನ್ನು ಪ್ರಾಂತಗಳ ಪಟ್ಟಣಗಳ ನಡುವಿನಿಂದ ದೂರವಿಡಲು ಹೊರಟವು. ಇದರ ಫಲ ವಿಚಿತ್ರವಾಯಿತು. ದೊಡ್ಡದು ಕೂಡದೆಂದರೆ ಸಣ್ಣದು ಕಟ್ಟೋಣ ಎಂದು ಕಂಪನಿಗಳು ‘ಎಕ್ಸ್‌ಪ್ರೆಸ್’ ಎಂಬ ಪುಟ್ಟ ಮಳಿಗೆಗಳನ್ನು ಪೆಟ್ರೋಲ್ ಬಂಕುಗಳಲ್ಲೂ ಬೀದಿ ಮೂಲೆಗಳಲ್ಲೂ ತೆರೆಯತೊಡಗಿದವು. ಊರ ಹೊರಗಿದ್ದ ಆನೆ ಇಲಿಯ ರೂಪ ತಳೆದು ಚೋಹುವೈಯ ಪಕ್ಕದ ಗೋಡೆಯನ್ನೇ ಕೊರೆಯಿತು.

2006ರಲ್ಲಿ ಪ್ರಾಂತಗಳ ವ್ಯಾಪಾರಿಗಳು ಬೀದಿಗಿಳಿದರು. 2007ರಲ್ಲಿ ಚಿಲ್ಲರೆ ವ್ಯಾಪಾರವನ್ನು ನಿಯಂತ್ರಿಸುವ ಕರಡು ಮಸೂದೆಯೊಂದನ್ನು ಸಚಿವ ಸಂಪುಟ ಒಪ್ಪಿತಾದರೂ ಅದು ಕಾಯ್ದೆಯಾಗಲೇ ಇಲ್ಲ. ಅದೇ ವೇಳೆಗೆ ಟೆಸ್ಕೋದ ಥಾಯ್ ಶಾಖೆ ತನ್ನನ್ನು ಟೀಕಿಸಿದ ಒಬ್ಬ ಮಾಜಿ ಸಂಸದ ಹಾಗೂ ಇಬ್ಬರು ಅಂಕಣಕಾರರ ಮೇಲೆ ಮಾನನಷ್ಟದ ದಾವೆ ಹೂಡಿತು. ಮಾಜಿ ಸಂಸದರಿಂದ ಕೇಳಿದ ಪರಿಹಾರ 100 ಕೋಟಿ ಬಾತ್. ಭಾಷಣದಲ್ಲಿ ಹೇಳಿದ ಅಂಕಿಅಂಶ ತಪ್ಪಾಗಿತ್ತು ಎಂಬುದು ಕಂಪನಿಯ ವಾದ. ಅಂಕಿಅಂಶ ತಪ್ಪಿದ್ದರೆ ತಿದ್ದಲು ಪತ್ರಿಕೆಯಲ್ಲಿ ಅರ್ಧ ಅಂಕಣ ಸಾಕಾಗುತ್ತಿತ್ತು. 100 ಕೋಟಿ ಕೇಳಿದ್ದು ಬೇರೆಯವರ ಬಾಯಿಗೂ ಬೀಗ ಬೀಳಲೆಂದೇ ಎಂದು ಆಗ ಇಂಗ್ಲೆಂಡಿನ ಲೇಖಕರೂ ಆಕ್ಷೇಪಿಸಿದರು.

ಇನ್ನು ಹೊರಟ ಕಥೆ. 2010ರಲ್ಲಿ ಕಾರ್‌ಫೂರ್ ತನ್ನ ಥಾಯ್ ಮಳಿಗೆಗಳನ್ನು ಬಿಗ್ ಸಿಗೆ ಮಾರಿ ಹೊರಟಿತು. 2013ರಲ್ಲಿ ಮ್ಯಾಕ್ರೋವನ್ನು ಸಿಪಿ ಮರಳಿ ಕೊಂಡಿತು. ತೆತ್ತ ಬೆಲೆ ಸುಮಾರು 660 ಕೋಟಿ ಡಾಲರ್. 2016ರಲ್ಲಿ ಕ್ಯಾಸಿನೋ ಬಿಗ್ ಸಿಯಲ್ಲಿನ ತನ್ನ ಪಾಲನ್ನು ಬಿಯರು ಮತ್ತು ಮದ್ಯದ ವ್ಯಾಪಾರದಿಂದ ಬೆಳೆದ ಟಿಸಿಸಿ ಎಂಬ ಥಾಯ್ ಸಮೂಹಕ್ಕೆ ಮಾರಿತು. 2020ರಲ್ಲಿ ಟೆಸ್ಕೋ ಥಾಯ್ಲೆಂಡ್ ಮತ್ತು ಮಲೇಷ್ಯಾಗಳಲ್ಲಿದ್ದ ಸುಮಾರು 2000 ಮಳಿಗೆಗಳನ್ನು 1060 ಕೋಟಿ ಡಾಲರಿಗೆ ಮಾರಿತು. ಕೊಂಡವರು ಯಾರು? ಇಪ್ಪತ್ತೆರಡು ವರ್ಷಗಳ ಹಿಂದೆ ಅದನ್ನು ಮಾರಿದ್ದ ಅದೇ ಸಿಪಿ.

ಸಿಪಿಯ ಕೈಯಲ್ಲಿ ಆಗಲೇ ‘ಸೆವೆನ್ ಇಲೆವೆನ್’ ಎಂಬ ಬೀದಿಮೂಲೆಯ ಅಂಗಡಿಗಳ ಜಾಲವಿತ್ತು. 2023ರ ಕೊನೆಗೆ ಅವುಗಳ ಸಂಖ್ಯೆ ಥಾಯ್ಲೆಂಡ್ ಒಂದರಲ್ಲೇ 14 ಸಾವಿರ ದಾಟಿತ್ತು. ಬೀದಿಯ ಅಂಗಡಿ, ಊರಾಚೆಯ ಬೃಹತ್ ಮಳಿಗೆ, ಅಂಗಡಿಯವರಿಗೇ ಸರಕು ಕೊಡುವ ಸಗಟು ಗೋದಾಮು ಮೂರೂ ಒಂದೇ ಮನೆತನಕ್ಕೆ ಸೇರಿದವು. ಅದೇ ಸಂಸ್ಥೆ ಕೋಳಿ, ಹಂದಿ, ಮೊಟ್ಟೆಗಳನ್ನೂ ಬೆಳೆಸಿ ಮಾರುತ್ತದೆ. ಟೆಸ್ಕೋ ಖರೀದಿಯನ್ನು ಪರಿಶೀಲಿಸಿದ ಥಾಯ್ ಸ್ಪರ್ಧಾ ಆಯೋಗ 2020ರ ನವೆಂಬರಿನಲ್ಲಿ ನಾಲ್ಕು ಮತ, ಮೂರು ವಿರೋಧದಿಂದ ಅದಕ್ಕೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷ ಇಂಥ ಬೇರೆ ಮಳಿಗೆಗಳನ್ನು ಕೊಳ್ಳಬಾರದು, ಸಣ್ಣ ಉತ್ಪಾದಕರ ಸರಕಿನ ಪಾಲನ್ನು ಹೆಚ್ಚಿಸಬೇಕು ಮೊದಲಾದ ಷರತ್ತುಗಳನ್ನು ಹಾಕಿತು. ಮೂರು ವರ್ಷ ಆಗಲೇ ಕಳೆದಿದೆ.

ವಿದೇಶಿಯರು ಹೋದರು. ಬಾವುಟದ ಲೆಕ್ಕದಲ್ಲಿ ನೋಡಿದರೆ ಇದು ದೇಶಾಭಿಮಾನದ ಗೆಲುವು. ಆದರೆ ಮುಚ್ಚಿದ ಯೀ ಪುವಾ ಗೋದಾಮಿನ ಬಾಗಿಲು ತೆರೆಯಲಿಲ್ಲ. ಅವನ ಮಕ್ಕಳು ಓದಿ ಬ್ಯಾಂಕಾಕಿಗೆ ಹೋಗಿದ್ದರು, ಗೋದಾಮಿನ ಜಾಗ ಮಾರಾಟವಾಗಿತ್ತು, ಕಾರ್ಖಾನೆಯೊಂದಿಗಿನ ಹಳೆಯ ಸಂಬಂಧ ಕಡಿದಿತ್ತು. ಒಂದು ವ್ಯಾಪಾರದ ಸರಪಳಿ ಕಟ್ಟಲು ಎರಡು ತಲೆಮಾರು ಬೇಕು. ಮುರಿಯಲು ಹತ್ತು ವರ್ಷ ಸಾಕು. ಮುರಿದದ್ದು ವಿದೇಶಿಯರ ಕೈಯಿಂದ, ಮುರಿದದ್ದರ ಫಲ ಉಂಡದ್ದು ಸ್ವದೇಶದ ದೊಡ್ಡವರು. ವಿದೇಶಿಯೋ ಸ್ವದೇಶಿಯೋ ಎಂಬ ಪ್ರಶ್ನೆಯನ್ನೇ ಹಿಡಿದು ಹೋರಾಡಿದವರಿಗೆ ಕೊನೆಗೆ ಕೇಳಲು ಪ್ರಶ್ನೆ ಉಳಿಯಲಿಲ್ಲ, ಏಕೆಂದರೆ ಯಜಮಾನ ತಮ್ಮವನೇ ಆಗಿದ್ದ.

ಇದನ್ನು ಕರ್ನಾಟಕದಲ್ಲಿ ಕುಳಿತು ಓದುವಾಗ ಒಂದು ಹೆಸರು ನೆನಪಾಗದೆ ಇರದು. ಜರ್ಮನಿಯ ಮೆಟ್ರೋ ಕಂಪನಿ ಭಾರತದಲ್ಲಿ ತನ್ನ ಮೊದಲ ಸಗಟು ಮಳಿಗೆಗಳನ್ನು ತೆರೆದದ್ದು 2003ರಲ್ಲಿ, ಬೆಂಗಳೂರಿನಲ್ಲಿ. ಸಗಟು ವ್ಯಾಪಾರ ಮಾತ್ರ, ಅಂಗಡಿಯವರಿಗೆ ಮಾತ್ರ ಎಂಬುದು ಅದಕ್ಕೆ ಸಿಕ್ಕ ಅನುಮತಿ. ಆಗ ಎಪಿಎಂಸಿ ವರ್ತಕರು ಪ್ರತಿಭಟಿಸಿದ್ದರು. ಇಪ್ಪತ್ತು ವರ್ಷಗಳ ನಂತರ, 2023ರಲ್ಲಿ, ಮೆಟ್ರೋ ತನ್ನ ಭಾರತದ ವ್ಯವಹಾರವನ್ನು 2850 ಕೋಟಿ ರೂಪಾಯಿಗೆ ರಿಲಯನ್ಸ್‌ಗೆ ಮಾರಿ ಹೊರಟಿತು. ಕಾರ್‌ಫೂರ್ ಅದಕ್ಕೂ ಮೊದಲು, 2014ರಲ್ಲಿ, ತನ್ನ ಐದು ಸಗಟು ಮಳಿಗೆಗಳನ್ನು ಮುಚ್ಚಿತ್ತು. 2012ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಬಹು ಬ್ರ್ಯಾಂಡಿನ ಚಿಲ್ಲರೆ ವ್ಯಾಪಾರದಲ್ಲಿ ಶೇಕಡ 51ರಷ್ಟು ವಿದೇಶಿ ಬಂಡವಾಳಕ್ಕೆ ಒಪ್ಪಿಗೆ ಕೊಟ್ಟಾಗ ದೇಶವೇ ಕದಡಿತ್ತು. ಕನಿಷ್ಠ 10 ಕೋಟಿ ಡಾಲರ್ ತರಬೇಕೆಂಬ ಷರತ್ತು ಅದರಲ್ಲಿತ್ತು; ಥಾಯ್ ಕಾಯ್ದೆಯ ಷರತ್ತಿನದೇ ಜಾತಿ. ಆದರೆ ಆ ಬಾಗಿಲಿನಿಂದ ಒಳಬಂದದ್ದು ಟಾಟಾ ಸಮೂಹದ ಟ್ರೆಂಟ್ ಜೊತೆ ಸೇರಿದ ಟೆಸ್ಕೋ ಮಾತ್ರ. ವಾಲ್‌ಮಾರ್ಟ್ ಬೇರೆ ಬಾಗಿಲು ಹುಡುಕಿಕೊಂಡಿತು: 2018ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಶೇಕಡ 77ರಷ್ಟು ಷೇರುಗಳನ್ನು 1600 ಕೋಟಿ ಡಾಲರಿಗೆ ಕೊಂಡಿತು. ಮುಂಬಾಗಿಲಲ್ಲಿ ಕಾವಲು ನಿಂತವರು ಹಿತ್ತಲ ಕಡೆ ನೋಡಿರಲಿಲ್ಲ.

ಯೀ ಪುವಾನ ಕಥೆಯೂ ಇಲ್ಲಿ ಮೊದಲಾಗಿದೆ. 2021ರ ಕೊನೆಗೆ ಅಖಿಲ ಭಾರತ ಗ್ರಾಹಕ ಸರಕುಗಳ ವಿತರಕರ ಒಕ್ಕೂಟ ಸಾಬೂನು, ಟೂತ್ ಪೇಸ್ಟ್ ಮೊದಲಾದ ಸರಕಿನ ಕಂಪನಿಗಳಿಗೆ ಪತ್ರ ಬರೆದು ಒಂದೇ ಬೇಡಿಕೆ ಇಟ್ಟಿತು: ದೊಡ್ಡ ಸಗಟು ಮಳಿಗೆಗಳಿಗೂ ಅಂತರಜಾಲದ ವ್ಯಾಪಾರಿಗಳಿಗೂ ಕೊಡುವ ದರವನ್ನೇ ತಮಗೂ ಕೊಡಬೇಕು. 2022ರ ಜನವರಿಯಲ್ಲಿ ಮಹಾರಾಷ್ಟ್ರದ ವಿತರಕರು ಕೋಲ್ಗೇಟ್ ಕಂಪನಿಯ ಕೆಲವು ಸರಕುಗಳ ಹಂಚಿಕೆಯನ್ನೇ ನಿಲ್ಲಿಸಿದರು. ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ಎರಡು ದಿನ ಸುದ್ದಿಯಾಗಿ ಮರೆಯಾದ ಈ ಪ್ರಸಂಗ 2012ರ ಗದ್ದಲಕ್ಕಿಂತ ಮುಖ್ಯವಾದದ್ದು. ವಾರಕ್ಕೊಮ್ಮೆ ಘಟ್ಟದ ಊರಿಗೆ ವ್ಯಾನಿನಲ್ಲಿ ಬಿಸ್ಕತ್ತು, ಸಾಬೂನು ತರುವವನು ಇದೇ ವಿತರಕ. ಅವನಿಗೆ ಸಿಗುವ ದರ ಮಳಿಗೆಯ ದರಕ್ಕಿಂತ ಹೆಚ್ಚಾದಂದು ವ್ಯಾನು ಬರುವುದು ನಿಲ್ಲುತ್ತದೆ.

ದಾರಿಗಳೇ ಇಲ್ಲವೆಂದಲ್ಲ. ಕೊರೊನಾ ಕಾಲದಲ್ಲಿ, 2020ರ ಅಕ್ಟೋಬರಿನಲ್ಲಿ, ಥಾಯ್ ಸರ್ಕಾರ ‘ತಲಾ ಅರ್ಧ’ ಎಂಬ ಯೋಜನೆ ತಂದಿತು. ಸಣ್ಣ ಅಂಗಡಿಯಲ್ಲಿ ಕೊಂಡ ಸರಕಿನ ಅರ್ಧ ಬೆಲೆಯನ್ನು, ದಿನಕ್ಕೆ 150 ಬಾತ್ ಮೀರದಂತೆ, ಸರ್ಕಾರವೇ ಮೊಬೈಲಿನ ಮೂಲಕ ಭರಿಸಿತು. ಜಾಲದ ಮಳಿಗೆಗಳಿಗೆ ಅದರಲ್ಲಿ ಪ್ರವೇಶವಿರಲಿಲ್ಲ. ಕಾಲು ಶತಮಾನ ಸೊರಗಿದ್ದ ಚೋಹುವೈ ಮತ್ತು ತಳ್ಳುಗಾಡಿಗಳ ಮುಂದೆ ಜನ ಸಾಲುಗಟ್ಟಿದರು. ಆದರೆ ಅದು ಬೊಕ್ಕಸದ ಹಣ ಇರುವವರೆಗಿನ ಮಾತು. ಕೊಳ್ಳುವ ಬೆಲೆಯನ್ನು ಅದು ಮುಟ್ಟಲಿಲ್ಲ.

ಕೊಳ್ಳುವ ಬೆಲೆಯನ್ನು ಮುಟ್ಟಿದ ಉದಾಹರಣೆಗಳಿಗೆ ಮಲೆನಾಡು, ಕರಾವಳಿಯವರು ದೂರ ಹೋಗಬೇಕಾಗಿಲ್ಲ. ಶಿರಸಿಯ ತೋಟಗಾರರ ಮಾರಾಟ ಸಂಘ 1923ರಿಂದ ಇದೆ. ಅಡಿಕೆಯ ಬೆಲೆ ಕುಸಿದ ಕಾಲದಲ್ಲಿ, 1973ರಲ್ಲಿ, ಕ್ಯಾಂಪ್ಕೋ ಹುಟ್ಟಿತು. ಶಿರಸಿಯ ಸಂಘ ತನ್ನದೇ ಸೂಪರ್ ಮಾರ್ಕೆಟ್ಟನ್ನೂ ನಡೆಸುತ್ತ ಬಂದಿದೆ. ಅದರಿಂದ ಪೇಟೆಯ ಕಿರಾಣಿಯವರಿಗೆ ಪೆಟ್ಟು ಬಿದ್ದಿಲ್ಲವೇ ಎಂದರೆ ಬಿದ್ದಿರಬಹುದು. ದೊಡ್ಡ ಮಳಿಗೆ ಯಾರದಾದರೂ ದೊಡ್ಡ ಮಳಿಗೆಯೇ. ಸಹಕಾರ ಸಂಘಗಳೊಳಗಿನ ರಾಜಕೀಯವೂ ಯಾರಿಗೂ ಗೊತ್ತಿಲ್ಲದ್ದಲ್ಲ. ಆದರೂ ಅದರ ಲೆಕ್ಕಪತ್ರವನ್ನು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಸದಸ್ಯನಾದ ಬೆಳೆಗಾರನಿಗಿದೆ. ಬ್ಯಾಂಕಾಕಿನ ಮಳಿಗೆಯ ಗಿರಾಕಿಗೆ ಅದಿಲ್ಲ. ಗ್ರಾಮದ ಅಂಗಡಿಯವರು ಇಂಥ ಸಂಘದ ಸದಸ್ಯರಾಗಿ ಒಟ್ಟಿಗೆ ಸರಕು ಕೊಳ್ಳುವಂತಾದರೆ, 2002ರಲ್ಲಿ ಥಾಯ್ ಸರ್ಕಾರ ಮೇಲಿನಿಂದ ಕಟ್ಟಲು ಹೋಗಿ ಕೈಬಿಟ್ಟ ಕೆಲಸ ಕೆಳಗಿನಿಂದ ಆಗಬಹುದು.

ಅದಕ್ಕೆ ಮೊದಲು ಊರಿನ ಲೆಕ್ಕ ಊರಿನವರಿಗೇ ಗೊತ್ತಿರಬೇಕು. ಈ ಕೆಲಸ ವಿದ್ಯಾರ್ಥಿಗಳದ್ದು. ಒಂದು ಪಂಚಾಯಿತಿಯ ಎಲ್ಲ ಕಿರಾಣಿ ಅಂಗಡಿಗಳಿಗೂ ಹೋಗಿ ನಾಲ್ಕು ಮಾತು ಕೇಳಿ ಬರೆದಿಟ್ಟುಕೊಳ್ಳಲಿ: ಒಂದು ಲೀಟರ್ ಎಣ್ಣೆ, ಒಂದು ಸಾಬೂನು, ಒಂದು ಪೊಟ್ಟಣ ಚಹಾಪುಡಿಯನ್ನು ಅವರು ಯಾರಿಂದ, ಯಾವ ದರಕ್ಕೆ ಕೊಳ್ಳುತ್ತಾರೆ; ವ್ಯಾನು ವಾರಕ್ಕೆ ಎಷ್ಟು ಸಲ ಬರುತ್ತದೆ, ಐದು ವರ್ಷದ ಹಿಂದೆ ಎಷ್ಟು ಸಲ ಬರುತ್ತಿತ್ತು; ಉದ್ರಿ ಪುಸ್ತಕದಲ್ಲಿ ಎಷ್ಟು ಮನೆಗಳ ಹೆಸರಿದೆ; ರೈತರ ಮನೆಯಿಂದ ಅವರು ಏನೇನು ಕೊಳ್ಳುತ್ತಾರೆ. ಅದೇ ಸರಕುಗಳ ದರವನ್ನು ತಾಲ್ಲೂಕು ಕೇಂದ್ರದ ದೊಡ್ಡ ಮಳಿಗೆಯಲ್ಲೂ ಮೊಬೈಲಿನಲ್ಲೂ ನೋಡಿ ಪಕ್ಕದಲ್ಲಿ ಬರೆಯಲಿ. ಮುಂದಿನ ಬೇಸಿಗೆಯಲ್ಲಿ ಅದೇ ಅಂಗಡಿಗಳಿಗೆ ಮತ್ತೊಮ್ಮೆ ಹೋಗಿ ಅದೇ ಪ್ರಶ್ನೆಗಳನ್ನು ಕೇಳಲಿ.